ಎಂಟು ಗಂಟೆ ಪಕ್ಕದಲ್ಲಿ ಕೂರುವ ಚಿಕಿತ್ಸೆ

ಆನೆ ಬಂದುಹೋಗಿ ತಿಂಗಳುಗಳೇ ಕಳೆದಿರುತ್ತವೆ. ಮುರಿದ ಬಾಳೆಯ ಜಾಗದಲ್ಲಿ ಹೊಸ ಕಂದು ನೆಟ್ಟಾಗಿರುತ್ತದೆ, ಪರಿಹಾರದ ಅರ್ಜಿಯೂ ಇತ್ಯರ್ಥವಾಗಿರುತ್ತದೆ. ಆದರೆ ಅಂದು ರಾತ್ರಿ ಕಾವಲಿಗೆ ಹೋಗಿ ಆನೆಯ ಕಾಲಡಿಯಿಂದ ಕೂದಲೆಳೆಯಲ್ಲಿ ಪಾರಾದವನು ಕತ್ತಲಾದ ಮೇಲೆ ಹೊಸಿಲು ದಾಟುವುದಿಲ್ಲ. ತೆಂಗಿನ ಗರಿ ಬಿದ್ದರೂ ಬೆಚ್ಚಿಬೀಳುತ್ತಾನೆ. ಕೇಳಿದರೆ, "ನಿದ್ದನೇ ಬರದಿಲ್ಲ ಕನಪ್ಪ, ಕಣ್ ಮುಚ್ಚುದ್ರ ಅದೇ ಬಂದು ನಿಂತ್ಕತದ" ಎನ್ನುತ್ತಾನೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಅವನು ನಿದ್ದೆಗಾಗಿ ಕುಡಿಯತೊಡಗುತ್ತಾನೆ. ಚಂದಕವಾಡಿ ಹೋಬಳಿಯಿಂದ ಗುಂಡ್ಲುಪೇಟೆಯ ಕಾಡಂಚಿನವರೆಗೆ ಇಂಥವರು ಯಾವ ಊರಿಗೂ ಹೊಸಬರಲ್ಲ.

ನಮ್ಮ ಚಾಮರಾಜನಗರ ಜಿಲ್ಲೆ ಇಂಥ ಪೆಟ್ಟುಗಳನ್ನು ಒಂದರ ಹಿಂದೊಂದು ತಿಂದಿದೆ. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ 'ವರ್ಕ್‌ಶಾಪ್' ಎಂಬ ಹಿಂಸಾಕೇಂದ್ರವನ್ನು ಹೊಕ್ಕು ಬಂದವರಿದ್ದಾರೆ, ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ವಿಚಾರಣೆಯ ನಂತರ 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಸೂಚಿಸಿತು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಹುಲಿಗೆ ಇಬ್ಬರು ರೈತರು ಬಲಿಯಾದರು. 2021ರ ಮೇ ತಿಂಗಳಲ್ಲಿ ಜಿಲ್ಲಾಸ್ಪತ್ರೆಯ ಆಕ್ಸಿಜನ್ ದುರಂತದಲ್ಲಿ 24 ಜನ ತೀರಿಕೊಂಡರು. ಪ್ರತಿ ಸಲವೂ ಸತ್ತವರ ಲೆಕ್ಕ ಬರೆದೆವು, ಹಣದ ಲೆಕ್ಕ ಬರೆದೆವು. ಬದುಕಿ ಉಳಿದವರ ತಲೆಯೊಳಗೆ ಏನಾಯಿತು ಎಂಬುದನ್ನು ಯಾವ ಪರಿಹಾರದ ಪಟ್ಟಿಯೂ ಕೇಳಲಿಲ್ಲ.

ಈ ಕಾಯಿಲೆಗೆ ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ, ಆಘಾತದ ನಂತರದ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿದ್ದು 1980ರಲ್ಲಿ. ಭಯಂಕರವಾದದ್ದೊಂದನ್ನು ಕಂಡವರೆಲ್ಲರಿಗೂ ಇದು ಬರುವುದಿಲ್ಲ. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಅಳು ಬರುವುದು, ಬೆಚ್ಚುವುದು ಸಹಜ. ಹೆಚ್ಚಿನವರು ಮನೆಯವರ, ನೆಂಟರಿಷ್ಟರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ದಾಟಿದ ಮೇಲೂ ಆ ಗಳಿಗೆ ಕಣ್ಣೆದುರು ಮರುಕಳಿಸುತ್ತಿದ್ದರೆ, ಅದನ್ನು ನೆನಪಿಸುವ ಜಾಗ, ಮಾತು, ಮನುಷ್ಯರಿಂದ ಆತ ದೂರ ಓಡುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದೆ ತನ್ನನ್ನೇ ಹಳಿದುಕೊಳ್ಳುತ್ತಿದ್ದರೆ, ಸದಾ ಮೈಯೆಲ್ಲ ಕಿವಿಯಾಗಿ ಕೂತಿದ್ದರೆ ಆಗ ಅದು ಚಿಕಿತ್ಸೆ ಬೇಡುವ ಕಾಯಿಲೆ.

ಪೆಟ್ಟು ಬಿದ್ದದ್ದು ಅಂದು, ಕಾಯಿಲೆ ಬಲಿಯುವುದು ಎಷ್ಟೋ ದಿನಗಳ ನಂತರ. ಹೀಗೇಕೆ ಎಂಬ ಪ್ರಶ್ನೆಗೆ ಒಂದು ಮುಖ್ಯ ಸುಳಿವು ಸಿಕ್ಕಿದ್ದು ಬೆಂಗಳೂರಿನಲ್ಲಿ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ಅಲುಗಾಡದಂತೆ ಕಟ್ಟಿಹಾಕಿ ಒತ್ತಡಕ್ಕೆ ಒಡ್ಡಿ, ಮಿದುಳಿನ ನರಕೋಶಗಳ ಆಕಾರವನ್ನು ಅಳೆದರು. ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಪಾಲುಗೊಂಡಿದ್ದ 2002ರ ಪ್ರಬಂಧ ಹೇಳಿದ್ದಿಷ್ಟು: ದಿನಗಟ್ಟಲೆ ಒತ್ತಡ ಅನುಭವಿಸಿದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು, ಅಮಿಗ್ಡಲದ ಕವಲುಗಳು ಬೆಳೆದವು. ಹಿಪ್ಪೊಕ್ಯಾಂಪಸ್ ನೆನಪಿಗೆ ಹೊತ್ತು, ಜಾಗ, ಸಂದರ್ಭ ಸೇರಿಸುವ ಭಾಗ. ಅಮಿಗ್ಡಲ ಹೆದರಿಕೆಯನ್ನು ಹೊತ್ತು ಇಟ್ಟುಕೊಳ್ಳುವ ಭಾಗ. ಅವರದೇ ಮುಂದಿನ ಅಧ್ಯಯನದಲ್ಲಿ, ಒತ್ತಡ ನಿಲ್ಲಿಸಿ ಮೂರು ವಾರ ಬಿಟ್ಟು ನೋಡಿದಾಗಲೂ ಅಮಿಗ್ಡಲದ ಬೆಳವಣಿಗೆ ಹಿಂದಕ್ಕೆ ಸರಿದಿರಲಿಲ್ಲ.

2005ರ ಅವರ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಒಂದೇ ಒಂದು ಸಲ, ಎರಡು ಗಂಟೆಯ ಒತ್ತಡ ಕೊಟ್ಟರು. ಮರುದಿನ ನೋಡಿದರೆ ಏನೂ ಬದಲಾಗಿರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಅಮಿಗ್ಡಲದ ನರಕೋಶಗಳ ಮೇಲೆ ಹೊಸ ಮುಳ್ಳುಗಳು ಮೂಡಿದ್ದವು, ಅಂದರೆ ಹೊಸ ಸಂಪರ್ಕದ ಬಿಂದುಗಳು. ಇಲಿಗಳ ಅಂಜಿಕೆಯೂ ಹೆಚ್ಚಿತ್ತು. ಆಘಾತದ ನಂತರದ ದಿನಗಳಲ್ಲಿ ಮಿದುಳು ಹೆದರಿಕೆಯನ್ನು ನಿಧಾನವಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಹಾಗಾಗಿ "ಅವತ್ತು ಚೆನ್ನಾಗೇ ಇದ್ದನಲ್ಲ, ಈಗ ನಾಟಕ ಆಡ್ತಾನೆ" ಎನ್ನುವವರಿಗೆ ಈ ಪ್ರಯೋಗವನ್ನು ತೋರಿಸಬೇಕು ಅನಿಸುತ್ತದೆ.

ಕಟ್ಟಿಕೊಂಡದ್ದನ್ನು ಸಡಿಲಿಸುವುದು ಹೇಗೆ? ಸುರಕ್ಷಿತ ಜಾಗದಲ್ಲಿ, ನಂಬಿಗಸ್ತರ ಎದುರು ಆ ನೆನಪನ್ನು ಮತ್ತೆ ಮತ್ತೆ ಹೊರಗೆ ತಂದು, "ಅದು ಆಗಿಹೋದದ್ದು, ಈಗ ಆಗುತ್ತಿಲ್ಲ" ಎಂಬುದನ್ನು ಮಿದುಳಿಗೆ ಕಲಿಸುವುದು. ಇಂದು ಜಗತ್ತಿನಾದ್ಯಂತ ಒಪ್ಪಿತವಾದ ಪಿಟಿಎಸ್‌ಡಿ ಮಾತುಚಿಕಿತ್ಸೆಗಳ ತಿರುಳು ಇದೇ. ನೆನಪು ಒಮ್ಮೆ ಅಚ್ಚಾದರೆ ಮುಗಿಯಿತು ಎಂಬ ಹಳೆಯ ಎಣಿಕೆಯನ್ನು 2000ನೇ ಇಸವಿಯಲ್ಲಿ ಕರೀಂ ನಾದರ್ ಇಲಿಗಳ ಮೇಲಿನ ಪ್ರಯೋಗದಿಂದ ಅಲುಗಿಸಿದರು. ನೆನಪನ್ನು ಹೊರತೆಗೆದಾಗ ಅದು ಕೆಲ ಗಂಟೆಗಳ ಕಾಲ ಮೆದುವಾಗಿರುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗಬೇಕು. ಆ ಮೆದುವಾದ ಹೊತ್ತಿನಲ್ಲಿ ಅದನ್ನು ಬದಲಿಸಲು ಎಡೆಯಿದೆ.

ತೊಡಕು ಇರುವುದು ನೆನಪನ್ನು ಹೊರತೆಗೆಯುವಲ್ಲೇ. ಬಾಯಿಬಿಟ್ಟು ಹೇಳಲು ಹೊರಟ ಕೂಡಲೇ ಎದೆ ಡವಗುಟ್ಟಿ, ಬೆವರು ಕಿತ್ತು, ಕೆಲವರು ಎದ್ದು ಹೋಗಿಬಿಡುತ್ತಾರೆ. ಇನ್ನು ಕೆಲವರು ಯಾರದೋ ಕತೆ ಹೇಳುವಂತೆ ಮರಗಟ್ಟಿ ಹೇಳುತ್ತಾರೆ. ಮಾತು ಬರುತ್ತದೆ, ಒಳಗಿನದು ಕದಲುವುದಿಲ್ಲ. ಭ್ರಾಮಕ ಮದ್ದುಗಳನ್ನು, ಅಂದರೆ ಮನಸ್ಸಿನ ಸ್ಥಿತಿಯನ್ನೇ ಕೆಲ ಗಂಟೆ ಬದಲಿಸುವ ಮದ್ದುಗಳನ್ನು, ಪಿಟಿಎಸ್‌ಡಿಗೆ ಬಳಸಿ ನೋಡುವ ಸಂಶೋಧನೆ ಬೆಳೆದದ್ದು ಈ ಇಕ್ಕಟ್ಟಿನಲ್ಲಿ. ಕೀವಾದ ಗಾಯವನ್ನು ತೊಳೆಯುವ ಮೊದಲು ವೈದ್ಯರು ಆ ಜಾಗ ಜೋಮು ಹಿಡಿಯುವಂತೆ ಸೂಜಿಮದ್ದು ಕೊಡುತ್ತಾರಲ್ಲ, ಸಂಶೋಧಕರು ಹುಡುಕುತ್ತಿರುವುದು ಅಂಥದ್ದನ್ನು. ಸೂಜಿಮದ್ದು ಗಾಯ ಮಾಯಿಸುವುದಿಲ್ಲ, ತೊಳೆಯಲು ಬಿಡುತ್ತದೆ.

ಈ ಯತ್ನ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಸ್ಯಾಂಡೋಸ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿ, 1943ರಲ್ಲಿ ಪರಿಣಾಮ ಕಂಡುಕೊಂಡ ಎಲ್‌ಎಸ್‌ಡಿಯನ್ನು ಮನೋವೈದ್ಯರು 1950, 60ರ ದಶಕಗಳಲ್ಲಿ ಬಳಸುತ್ತಿದ್ದರು. ನೆದರ್‌ಲೆಂಡ್ಸ್‌ನ ಯಾನ್ ಬಾಸ್ಟಿಯಾನ್ಸ್ ಎಂಬ ಮನೋವೈದ್ಯರು ನಾಜಿ ಶಿಬಿರಗಳಿಂದ ಬದುಕಿ ಬಂದವರಿಗೆ 1980ರ ದಶಕದವರೆಗೂ ಎಲ್‌ಎಸ್‌ಡಿ ಜೊತೆಗೆ ಮಾತುಚಿಕಿತ್ಸೆ ಕೊಡುತ್ತಿದ್ದರು. ಗುಣವಾಯಿತೆಂದವರೂ ಇದ್ದರು, ಇನ್ನಷ್ಟು ಕೆಟ್ಟಿತೆಂದವರೂ ಇದ್ದರು. ಹೋಲಿಸಿ ನೋಡುವಂಥ ಕಟ್ಟುನಿಟ್ಟಿನ ದಾಖಲೆ ಉಳಿಯಲಿಲ್ಲ. ಈ ನಡುವೆ ಹೆಚ್ಚಿನ ಕಡೆ ಕಾನೂನುಗಳು ಬಿಗಿಯಾದವು, ಸಂಶೋಧನೆ ದಶಕಗಳ ಕಾಲ ಮಲಗಿತು.

ಈಗ ಮುಂಚೂಣಿಯಲ್ಲಿರುವುದು ಎಂಡಿಎಂಎ. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿಯಲ್ಲಿ ಮೊದಲು ತಯಾರಾಗಿ, 1970ರ ದಶಕದಲ್ಲಿ ಅಮೆರಿಕದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಶುಲ್ಗಿನ್ ಮೂಲಕ ಚಿಕಿತ್ಸಕರ ಕೈಗೆ ಬಂತು. 1985ರಲ್ಲಿ ಅಮೆರಿಕ ನಿಷೇಧಿಸಿತು. ಇದು ಎಲ್‌ಎಸ್‌ಡಿಯಂತೆ ಇಲ್ಲದ್ದನ್ನು ತೋರಿಸುವ ಮದ್ದಲ್ಲ. ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳನ್ನು ಮಿದುಳಿನಲ್ಲಿ ಒಮ್ಮೆಗೇ ಬಿಡಿಸುತ್ತದೆ, ತಾಯಿ-ಮಗುವಿನ ನಂಟಿಗೆ ಹೆಸರಾದ ಆಕ್ಸಿಟೋಸಿನ್ ಅನ್ನೂ ಏರಿಸುತ್ತದೆ. ಅಮಿಗ್ಡಲದ ಅಬ್ಬರ ತಗ್ಗುತ್ತದೆ. ಎದುರಿನವರ ಮೇಲೆ ನಂಬಿಕೆ, ತನ್ನ ಮೇಲೆ ಕನಿಕರ ಹುಟ್ಟುತ್ತದೆ; ಎಚ್ಚರ ತಪ್ಪುವುದಿಲ್ಲ. 2019ರಲ್ಲಿ ಗ್ಯೂಲ್ ಡೋಲೆನ್ ಅವರ ತಂಡ ಇನ್ನೊಂದು ವಿವರಣೆಯನ್ನು ಮುಂದಿಟ್ಟಿತು: ಎಳೆಯ ಇಲಿಗಳಿಗೆ ಮಾತ್ರ ಇರುವ, ಸಂಗಡಿಗರಿಂದ ಕಲಿಯುವ ಒಂದು ಕಾಲಾವಧಿ ಈ ಮದ್ದಿನಿಂದ ಬೆಳೆದ ಇಲಿಗಳಲ್ಲೂ ಮತ್ತೆ ತೆರೆದುಕೊಂಡಿತು. ಆದರೆ ಜೊತೆಗೆ ಸಂಗಡಿಗರಿದ್ದಾಗ ಮಾತ್ರ. ಒಂಟಿಯಾಗಿ ಮದ್ದು ಪಡೆದ ಇಲಿಯಲ್ಲಿ ಅದು ತೆರೆಯಲಿಲ್ಲ. ಈ ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿಕೊಂಡಿದ್ದೇನೆ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಎಂಡಿಎಂಎ ಚಿಕಿತ್ಸೆ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸುದ್ದಿಗಳಲ್ಲಿ ಬಿಟ್ಟುಹೋಗುವುದು ಇದೇ. ಮಾತ್ರೆ ಬರೆದುಕೊಟ್ಟು ಕಳಿಸುವ ಕ್ರಮ ಇಲ್ಲಿಲ್ಲ. ಮೊದಲು ತಲಾ ಒಂದೂವರೆ ಗಂಟೆಯ ಮೂರು ಭೇಟಿಗಳಲ್ಲಿ ಇಬ್ಬರು ಚಿಕಿತ್ಸಕರು ರೋಗಿಯ ಪರಿಚಯ ಮಾಡಿಕೊಳ್ಳುತ್ತಾರೆ. ಆಮೇಲೆ ಮದ್ದಿನ ದಿನ. ಬೆಳಿಗ್ಗೆ ರಕ್ತದೊತ್ತಡ ನೋಡಿ ಮಾತ್ರೆ ಕೊಡುತ್ತಾರೆ. ರೋಗಿ ಹಾಸಿಗೆಯ ಮೇಲೆ ಒರಗಿ, ಬೇಕೆನಿಸಿದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತಾ ಇರಬಹುದು. ಮಾತು ಬಂದಾಗ ಆಡಬಹುದು, ಅಳು ಬಂದರೆ ಅಳಬಹುದು. ಇಬ್ಬರೂ ಸುಮಾರು ಎಂಟು ಗಂಟೆ ಪಕ್ಕದಲ್ಲೇ ಕೂತಿರುತ್ತಾರೆ. ತಿಂಗಳಿಗೊಂದರಂತೆ ಇಂಥ ಮೂರು ದಿನ. ಪ್ರತಿಯೊಂದರ ನಂತರವೂ ಮೂರು ಭೇಟಿ. ಅಂದು ಹೊರಬಂದದ್ದನ್ನು ದಿನದ ಬಾಳಿಗೆ ಹೊಂದಿಸಿಕೊಳ್ಳುವ ಮಾತುಕತೆ. ಲೆಕ್ಕ ಹಾಕಿದರೆ ಒಬ್ಬ ರೋಗಿಗೆ ಸುಮಾರು 42 ಗಂಟೆ, ಇಬ್ಬರು ಚಿಕಿತ್ಸಕರದು ಸೇರಿ 84 ಗಂಟೆಯ ದುಡಿಮೆ. ಅದರಲ್ಲಿ ಮಾತ್ರೆಯ ಪಾಲು ಮೂರೇ ದಿನ.

ಫಲಿತಾಂಶ ಏನಾಯಿತು? 2021ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಮೂರನೇ ಹಂತದ ಪ್ರಯೋಗದಲ್ಲಿ 90 ಮಂದಿ ಇದ್ದರು. ಮದ್ದು ಪಡೆದವರಲ್ಲಿ ಶೇ 67ರಷ್ಟು ಮಂದಿಗೆ ಕೊನೆಯಲ್ಲಿ ಪಿಟಿಎಸ್‌ಡಿ ಲಕ್ಷಣಪಟ್ಟಿ ಅನ್ವಯಿಸುತ್ತಿರಲಿಲ್ಲ. ಖಾಲಿ ಮಾತ್ರೆ ಪಡೆದವರಲ್ಲಿ ಶೇ 32. 2023ರ ಎರಡನೆಯ ಪ್ರಯೋಗದಲ್ಲಿ 104 ಮಂದಿ. ಅಲ್ಲಿ ಶೇ 71 ಮತ್ತು ಶೇ 48. ಎಲ್ಲರೂ ಹಿಡಿದುಕೊಂಡದ್ದು 67 ಮತ್ತು 71ನ್ನು. ನನ್ನ ಕಣ್ಣು ನಿಂತದ್ದು 48ರ ಮೇಲೆ. ಮದ್ದೇ ಇಲ್ಲದ ಮಾತ್ರೆ ನುಂಗಿ, ಅಷ್ಟೇ ಗಂಟೆಗಳ ಕಾಲ ಇಬ್ಬರು ಅಕ್ಕರೆಯಿಂದ ಕೇಳಿಸಿಕೊಂಡದ್ದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಪಟ್ಟಿಯಿಂದ ಆಚೆ ಬಂದಿದ್ದರು.

ಇಷ್ಟಾದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ. 2024ರ ಜೂನ್‌ನಲ್ಲಿ ಅದರ ಸಲಹಾ ಸಮಿತಿ ಪರಿಣಾಮ ಸಾಬೀತಾಗಿಲ್ಲ ಎಂದು 9-2ರಿಂದ, ಅಪಾಯಕ್ಕಿಂತ ಲಾಭ ಹೆಚ್ಚೆನ್ನಲಾಗದು ಎಂದು 10-1ರಿಂದ ಮತ ಹಾಕಿತು. ಆಗಸ್ಟ್‌ನಲ್ಲಿ ಎಫ್‌ಡಿಎ, ಅರ್ಜಿ ಹಾಕಿದ್ದ ಲೈಕೋಸ್ ಕಂಪನಿಗೆ ಇನ್ನೊಂದು ಮೂರನೇ ಹಂತದ ಪ್ರಯೋಗ ಮಾಡಿ ಬನ್ನಿ ಎಂದಿತು. ಕಾರಣಗಳು ಗಟ್ಟಿಯಾಗಿಯೇ ಇದ್ದವು. ಮದ್ದು ಸಿಕ್ಕಿದೆಯೋ ಇಲ್ಲವೋ ಎಂಬುದು ಗಂಟೆಯೊಳಗೆ ರೋಗಿಗೇ ಗೊತ್ತಾಗಿಬಿಡುತ್ತದೆ. ಸಿಕ್ಕವರಿಗೆ ಭರವಸೆ, ಸಿಗದವರಿಗೆ ನಿರಾಸೆ, ಹಾಗಾದಾಗ ಹೋಲಿಕೆ ಹದ ತಪ್ಪುತ್ತದೆ. ಇದರ ಜೊತೆ, ಹಿಂದಿನ ಹಂತದ ಪ್ರಯೋಗವೊಂದರಲ್ಲಿ ಕೆನಡಾದ ಚಿಕಿತ್ಸಕರು ರೋಗಿಯೊಬ್ಬರ ಜೊತೆ ಎಲ್ಲೆ ಮೀರಿ ನಡೆದುಕೊಂಡದ್ದು ಬಯಲಾಗಿತ್ತು, ಅದಕ್ಕೆ ಸಂಬಂಧಿಸಿದ ಪ್ರಬಂಧಗಳನ್ನು ಪತ್ರಿಕೆಯೊಂದು ಹಿಂತೆಗೆದುಕೊಂಡಿತು. ನಂಬಿಕೆಯನ್ನು ಹೆಚ್ಚಿಸುವ ಮದ್ದು ತಪ್ಪು ಮನುಷ್ಯನ ಕೈಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಹಾಗೆಂದು ಸಂಶೋಧನೆ ನಿಂತಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ, ಪಿಟಿಎಸ್‌ಡಿ ಜೊತೆ ಕುಡಿತದ ಚಟವೂ ಇರುವವರಿಗೆ ಎಂಡಿಎಂಎ ಚಿಕಿತ್ಸೆಯ ಅಧ್ಯಯನಕ್ಕೆ ಹಣ ಕೊಡುವುದಾಗಿ ಪ್ರಕಟಿಸಿತು. ಆಸ್ಟ್ರೇಲಿಯಾದಲ್ಲಂತೂ 2023ರ ಜುಲೈ 1ರಿಂದಲೇ ಅನುಮತಿ ಪಡೆದ ಮನೋವೈದ್ಯರು ಇದನ್ನು ಪಿಟಿಎಸ್‌ಡಿಗೆ ಬರೆದುಕೊಡಬಹುದು.

ಉಳಿದ ಮದ್ದುಗಳ ಕತೆ ಇಷ್ಟು ದೂರ ಬಂದಿಲ್ಲ. ಕೆಲ ಅಣಬೆಗಳಲ್ಲಿರುವ ಸಿಲೊಸೈಬಿನ್ ಖಿನ್ನತೆಯ ಪ್ರಯೋಗಗಳಲ್ಲಿ ಹೆಚ್ಚು ಮುಂದಿದೆ, ಪಿಟಿಎಸ್‌ಡಿಯಲ್ಲಿ ಇನ್ನೂ ಮೊದಲ ಮೆಟ್ಟಿಲು. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಬಳಸುವ ಕೆಟಮಿನ್ 2014ರಲ್ಲಿ 41 ರೋಗಿಗಳ ಸಣ್ಣ ಅಧ್ಯಯನದಲ್ಲಿ ಭರವಸೆ ಹುಟ್ಟಿಸಿತು. ಮುಂದೆ ಸೈನಿಕರು, ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಪಿಟಿಎಸ್‌ಡಿ ಲಕ್ಷಣಗಳ ಮಟ್ಟಿಗೆ ಖಾಲಿ ಮದ್ದಿಗಿಂತ ಮೇಲೆನಿಸಲಿಲ್ಲ. ಆಫ್ರಿಕಾದ ಗಿಡದ ಬೇರಿನ ಇಬೊಗೈನ್ ಬಗ್ಗೆ 2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 30 ಮಾಜಿ ಸೈನಿಕರ ಮೇಲಿನ ಬೆರಗಿನ ಫಲಿತಾಂಶ ಪ್ರಕಟಿಸಿತು. ಆದರೆ ಅಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ, ಮೇಲಾಗಿ ಈ ಮದ್ದು ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ನಮ್ಮ ದೇಶದಲ್ಲೂ ಈ ಕುರಿತು ಮೂಲ ಸಂಶೋಧನೆ ಇದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಬೆಂಗಳೂರಿನ ಎನ್‌ಸಿಬಿಎಸ್ ಕೂಡ ಅದರದೇ ಭಾಗ) ವಿದಿತಾ ವೈದ್ಯ ಅವರ ತಂಡ ಡಿಒಐ ಎಂಬ ಭ್ರಾಮಕ ಮದ್ದು ಪ್ರಾಣಿಗಳ ಅಂಜಿಕೆಯನ್ನು ತಗ್ಗಿಸುವುದು ಹಿಪ್ಪೊಕ್ಯಾಂಪಸ್‌ನ ಯಾವ ನರಕೋಶಗಳ ಮೂಲಕ ಎಂಬುದನ್ನು 2024ರಲ್ಲಿ ಗುರುತಿಸಿತು. ಯಾವ ಕೋಶ ಎಂದು ಗೊತ್ತಾದರೆ, ಮುಂದೊಂದು ದಿನ ಭ್ರಮೆ ಹುಟ್ಟಿಸದೆ ಅಂಜಿಕೆ ಮಾತ್ರ ತಗ್ಗಿಸುವ ಮದ್ದನ್ನು ಹುಡುಕುವ ದಾರಿ ತೆರೆಯಬಹುದು.

ಕಾನೂನನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಂಡಿಎಂಎ, ಎಲ್‌ಎಸ್‌ಡಿ, ಸಿಲೊಸೈಬಿನ್ ಮೂರೂ ನಮ್ಮ ದೇಶದ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಎಂಡಿಎಂಎ 10 ಗ್ರಾಂ, ಎಲ್‌ಎಸ್‌ಡಿ ಒಂದು ಗ್ರಾಮಿನ ಹತ್ತನೇ ಒಂದು ಭಾಗ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ. ಅನುಮತಿ ಪಡೆದ ವೈಜ್ಞಾನಿಕ ಸಂಶೋಧನೆಗೆ ಕಾಯ್ದೆಯಲ್ಲಿ ಎಡೆ ಇದೆ, ಮನೆಮದ್ದಿಗೆ ಇಲ್ಲ. ಕೊಡೈಕೆನಾಲ್ ಕಡೆಯಿಂದ ಅಣಬೆ ತಂದು ತಿಂದರೆ ಮನಸ್ಸು ಹಗುರಾಗುತ್ತದೆ ಎಂದು ಹುಡುಗರು ಮಾತಾಡಿಕೊಳ್ಳುವುದುಂಟು. ಕಾಡಣಬೆಯಲ್ಲಿ ಯಾವುದು ಪಿತ್ತಜನಕಾಂಗವನ್ನು ಸುಡುವ ವಿಷ ಎಂದು ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ಪೇಟೆಯಲ್ಲಿ ಕದ್ದು ಮಾರುವ ಮಾತ್ರೆಯಲ್ಲಿ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಕೆಲವು ಬಗೆಯ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆ ಎಂಡಿಎಂಎ ನುಂಗಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಹೃದ್ರೋಗ ಇದ್ದವರಿಗೆ, ಮನೆತನದಲ್ಲಿ ಚಿತ್ತವಿಕಲತೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಆಘಾತದಿಂದ ನರಳುವವನು ಹೀಗೆ ಒಂಟಿಯಾಗಿ ಮದ್ದು ತಿಂದು ಆ ನೆನಪನ್ನೇ ಮತ್ತೆ ಹೊಕ್ಕರೆ, ಹೊರಗೆ ಕರೆತರಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಾಗಾದರೆ ನಮ್ಮ ಊರಿನವರಿಗೆ ಇಂದು ಏನಿದೆ? ಇಲ್ಲಿ ನಮ್ಮ ಪಕ್ಕದ ಯಳಂದೂರನ್ನು ನೆನೆಯಬೇಕು. ಮೂರ್ಛೆರೋಗಕ್ಕೆ ಫಿನೋಬಾರ್ಬಿಟಾಲ್, ಫಿನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಹಳ್ಳಿಯಲ್ಲೇ ಕೊಟ್ಟು, ವರ್ಷಗಟ್ಟಲೆ ಬೆನ್ನುಬಿಡದೆ ವಿಚಾರಿಸಿಕೊಂಡರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ನರರೋಗತಜ್ಞ ಕೆ.ಎಸ್. ಮಣಿ ಮತ್ತು ಜೊತೆಗಾರರು ತೋರಿಸಿದ್ದು ಅಲ್ಲೇ. 'ಯಳಂದೂರು ಅಧ್ಯಯನ' ಎಂಬ ಹೆಸರಲ್ಲಿ 2001ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮದ್ದು ಹೊಸದಾಗಿರಲಿಲ್ಲ, ಮನೆ ಬಾಗಿಲಿಗೆ ಹೋಗಿ ಕೇಳುವುದು ಹೊಸದಾಗಿತ್ತು. ಪಿಟಿಎಸ್‌ಡಿಗೂ ನಮ್ಮಲ್ಲಿ ಮೊದಲು ಆಗಬೇಕಾದ ಕೆಲಸ ಅದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ 84 ಗಂಟೆಯ ಚಿಕಿತ್ಸೆ ನಾಳೆ ಬೆಳಗಾಗುವುದರೊಳಗೆ ಬರುವುದಿಲ್ಲ. ಆದರೆ ಅದರೊಳಗಿನ ಕೇಳಿಸಿಕೊಳ್ಳುವ ಕೆಲಸವನ್ನು ತರಬೇತಿ ಪಡೆದ ಆಪ್ತಸಮಾಲೋಚಕರು, ನರ್ಸ್‌ಗಳು, ಸೋಲಿಗ ಹಾಡಿಯ ಆಶಾ ಕಾರ್ಯಕರ್ತೆ ಕೂಡ ತಮ್ಮ ಮಟ್ಟಿಗೆ ಮಾಡಬಲ್ಲರು.

ಈಗಾಗಲೇ ಸಾಬೀತಾದ ಚಿಕಿತ್ಸೆಗಳಿವೆ. ಆಘಾತವನ್ನೇ ಗುರಿಯಾಗಿಸಿದ ಮಾತುಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 15 ಭೇಟಿ. ಮೊದಮೊದಲು ನೋವು ಹೆಚ್ಚಿದಂತೆ ಕಾಣುತ್ತದೆ, ಅಲ್ಲಿಗೇ ಬಿಡಬಾರದು. ಸರ್ಟ್ರಲಿನ್, ಪೆರಾಕ್ಸೆಟಿನ್ ಮಾತ್ರೆಗಳು ಪಿಟಿಎಸ್‌ಡಿಗೆಂದೇ ಒಪ್ಪಿಗೆ ಪಡೆದವು. ಕೆಲಸ ಮಾಡಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಅಲ್ಪ್ರಜೊಲಾಮ್‌ನಂಥ ನಿದ್ದೆಮಾತ್ರೆ ಈ ಕಾಯಿಲೆಗೆ ಮದ್ದಲ್ಲ. ಚಟ ಹಿಡಿಯುತ್ತದೆ, ಚೇತರಿಕೆಗೂ ಅಡ್ಡ ಬರಬಹುದು. ಹೆಂಡವೂ ಹಾಗೆಯೇ.

ಹೋಗಬೇಕಾದ ಜಾಗಗಳು: ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ, ರಾಜ್ಯದ 'ಮನೋಚೈತನ್ಯ' ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಶಿಬಿರ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ. ಬಸ್ಸು ಹತ್ತಲು ಆಗದವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಮಾತು ಬಾಯಿಂದ ಬಂದಿದ್ದರೆ ಮಂಗಳವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಅವರನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಕೀಟನಾಶಕವನ್ನು ಬೇರೆ ಕಡೆ ಸಾಗಿಸಬೇಕು.

ವೈದ್ಯರ ಮುಂದೆ ಬರೀ "ನಿದ್ದೆ ಇಲ್ಲ, ಎದೆ ಉರಿ" ಎಂದಷ್ಟೇ ಹೇಳಿ ಬರಬೇಡಿ. ಅದಕ್ಕೆ ತಕ್ಕ ಮಾತ್ರೆ ಮಾತ್ರ ಸಿಗುತ್ತದೆ. ಆನೆ ಅಟ್ಟಿಸಿಕೊಂಡು ಬಂದದ್ದು, ಅಪಘಾತ ಕಂಡದ್ದು, ಯಾರೋ ಮೈಮೇಲೆ ಕೈ ಮಾಡಿದ್ದು, ಏನಾಗಿತ್ತೋ ಅದನ್ನು, ಯಾವ ವರ್ಷ ಎಂಬುದನ್ನು ಸೇರಿಸಿ ಹೇಳಿ. ಎಲ್ಲವನ್ನೂ ಮೊದಲ ದಿನವೇ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಹೋದವರು ರೋಗಿಯ ಬದಲು ತಾವೇ ಮಾತಾಡದೆ, ಬೇಕಿದ್ದರೆ ಹೊರಗೆ ಬೆಂಚಿನ ಮೇಲೆ ಕೂತು ಕಾಯಬೇಕು.